ಸ್ಕಾಪಾ ಫ್ಲೋ: ಫಿರಂಗಿ ಹೋಯ್ತು, ಕಾಂಕ್ರೀಟು ಉಳಿಯಿತು. ನೋಡಿದವರು, ಓದಿದವರು ಬನ್ನಿ

ಹೊನ್ನಾವರದ_ಗಾಳಿ:
ಸ್ಕಾಟ್ಲೆಂಡಿನ ಉತ್ತರ ತುದಿ ದಾಟಿದರೆ ಆರ್ಕ್ನಿ ದ್ವೀಪಗಳು. ಆ ದ್ವೀಪಗಳು ಸುತ್ತುಗಟ್ಟಿ ಒಳಗಿಟ್ಟುಕೊಂಡ ಕಡಲೇ ಸ್ಕಾಪಾ ಫ್ಲೋ. ವಿಸ್ತಾರ 300 ಚದರ ಕಿಲೋಮೀಟರಿಗೂ ಹೆಚ್ಚು. ಹೊರಗೆ ಪೆಂಟ್‌ಲೆಂಡ್ ಫರ್ತ್ ಎಂಬ ಹುಚ್ಚು ಜಲಸಂಧಿ, ಒಳಗೆ ಇಡೀ ನೌಕಾಪಡೆ ಲಂಗರು ಹಾಕುವಷ್ಟು ಜಾಗ. ಎರಡೂ ಮಹಾಯುದ್ಧಗಳಲ್ಲಿ ಬ್ರಿಟನ್ ತನ್ನ ದೊಡ್ಡ ಯುದ್ಧನೌಕೆಗಳನ್ನು ನಿಲ್ಲಿಸಿಕೊಂಡದ್ದು ಇಲ್ಲೇ. 1956ರಲ್ಲಿ ಬ್ರಿಟನ್ ತನ್ನ ಕರಾವಳಿ ಫಿರಂಗಿ ವ್ಯವಸ್ಥೆಯನ್ನೇ ರದ್ದು ಮಾಡಿತು, ಮರುವರ್ಷ ಇಲ್ಲಿನ ಲೈನೆಸ್ ನೌಕಾನೆಲೆಯೂ ಮುಚ್ಚಿತು. ಫಿರಂಗಿಗಳನ್ನು ಬಿಚ್ಚಿ ಒಯ್ದರು. ಅವು ಕೂತಿದ್ದ ಕಟ್ಟೆ, ಸರ್ಚ್‌ಲೈಟಿನ ಗೂಡು, ಜನರೇಟರ್ ಕೋಣೆ, ಕಾವಲು ಗೋಪುರ ಎಲ್ಲ ಹಾಗೇ ಇವೆ.

ನಾನಿರುವುದು ಅಬರ್ಡೀನ್. ಸಂಜೆ ಹಡಗು ಹತ್ತಿದರೆ ನಡುರಾತ್ರಿಯೊಳಗೆ ಕಿರ್ಕ್‌ವಾಲ್ ಊರಲ್ಲಿ ಇಳಿಯಬಹುದು, ಹಾಗಾಗಿ ಆಗಾಗ ಹೋಗುತ್ತೇನೆ. ನಮ್ಮ ಕನ್ನಡದವರು ಗುಂಪು ಕಟ್ಟಿಕೊಂಡು ಬರುತ್ತಾರೆ, ಯುದ್ಧಕೈದಿಗಳು ಕಟ್ಟಿದ ಇಟಾಲಿಯನ್ ಚಾಪೆಲ್ ನೋಡುತ್ತಾರೆ, ದ್ವೀಪಗಳನ್ನು ಜೋಡಿಸುವ ಚರ್ಚಿಲ್ ಬ್ಯಾರಿಯರ್ ಎಂಬ ಒಡ್ಡುಗಳ ಮೇಲೆ ಕಾರು ಓಡಿಸುತ್ತಾರೆ, ವಾಪಸ್. ಫಿರಂಗಿ ಕಟ್ಟೆಗಳಿರುವ ಹಾಕ್ಸಾ ಹೆಡ್ ಭೂಶಿರದ ಕಡೆ ಯಾರೂ ತಲೆ ಹಾಕುವುದಿಲ್ಲ. "ಅಲ್ಲಿ ಏನಿದೆ, ಹಳೇ ಶೆಡ್ಡು" ಅಂತಾರೆ. ನನ್ನ ತಕರಾರು ಇಷ್ಟೇ: ಆ ಶೆಡ್ಡುಗಳನ್ನು ಒಂದೊಂದಾಗಿ ನೋಡಿದರೆ ಹಳೇ ಶೆಡ್ಡೇ. ಯಾವುದು ಯಾವ ಕಡೆಗೆ ಮುಖ ಮಾಡಿದೆ ಅಂತ ನೋಡುತ್ತ ಹೋದರೆ ಒಂದು ಇಡೀ ಯಂತ್ರ ಬಿಚ್ಚಿಕೊಳ್ಳುತ್ತದೆ. ಗೊತ್ತಿರುವವರು ಸೇರಿಸಿ.

ಹೊಸಬ_ಹಾಸನ:
ಅಣ್ಣಾ, ಮೊದಲು ನಕ್ಷೆ ಬಿಡಿಸಿ ಹೇಳಿ. ಒಳಗೆ ಬರೋಕೆ ಎಷ್ಟು ಬಾಗಿಲು?

ಹೊನ್ನಾವರದ_ಗಾಳಿ:
ಇಲ್ಲಿ ಸೌಂಡ್ ಅಂದರೆ ದ್ವೀಪಗಳ ನಡುವಿನ ಕಡಲ ಸಂದು. ದಕ್ಷಿಣಕ್ಕೆ ಹಾಕ್ಸಾ ಸೌಂಡ್. ಇದೇ ಹೆಬ್ಬಾಗಿಲು, ದೊಡ್ಡ ಹಡಗುಗಳ ದಾರಿ. ಒಂದು ಬದಿ ಸೌತ್ ರೊನಾಲ್ಡ್ಸೇ ದ್ವೀಪದ ಹಾಕ್ಸಾ ಹೆಡ್, ಎದುರು ಬದಿ ಫ್ಲಾಟಾ ದ್ವೀಪದ ಸ್ಟ್ಯಾಂಗರ್ ಹೆಡ್. ಅದರ ಪಕ್ಕದಲ್ಲೇ ಸಣ್ಣದೊಂದು ಸ್ವಿಥಾ ಸೌಂಡ್. ಪಶ್ಚಿಮಕ್ಕೆ ಹೊಯ್ ಸೌಂಡ್, ಅದನ್ನು ಕಾಯುತ್ತಿದ್ದದ್ದು ಸ್ಟ್ರಾಮ್ನೆಸ್ ಊರಿನ ಹೊರಗಿನ ನೆಸ್ ಬ್ಯಾಟರಿ (ಬ್ಯಾಟರಿ ಅಂದರೆ ಫಿರಂಗಿಗಳ ನೆಲೆ). ಪೂರ್ವಕ್ಕೆ ನಾಲ್ಕು ಕಿರಿದಾದ ಸಂದು: ಕಿರ್ಕ್ ಸೌಂಡ್, ಸ್ಕೆರಿ ಸೌಂಡ್, ವೆಡೆಲ್ ಸೌಂಡ್, ವಾಟರ್ ಸೌಂಡ್. ಈ ಪೂರ್ವದ ಸಂದುಗಳಲ್ಲಿ ಹಳೇ ಹಡಗುಗಳನ್ನು ಬೇಕಂತಲೇ ಮುಳುಗಿಸಿ ದಾರಿ ಅಡ್ಡಗಟ್ಟಿದ್ದರು. ಹೆಬ್ಬಾಗಿಲಿಗೆ ಫಿರಂಗಿ, ಹಿತ್ತಿಲಿಗೆ ಗುಜರಿ. ಕಥೆ ಎಲ್ಲಿಗೆ ಹೋಗುತ್ತದೆ ಅಂತ ಊಹಿಸಿರಬಹುದು.

ಡೆಕ್ಕಿನ_ಮನುಷ್ಯ:
ನಾನು ಮಂಗಳೂರಿನವ, ಟ್ಯಾಂಕರ್‌ನಲ್ಲಿ ಕೆಲಸ. ಫ್ಲಾಟಾದಲ್ಲಿ 1970ರ ದಶಕದಿಂದ ಎಣ್ಣೆ ಟರ್ಮಿನಲ್ ಉಂಟು, ಉತ್ತರ ಸಮುದ್ರದ ಕಚ್ಚಾ ಎಣ್ಣೆ ಪೈಪಿನಲ್ಲಿ ಅಲ್ಲಿಗೆ ಬರ್ತದೆ. ಅದಕ್ಕೇ ನಾವು ಸ್ಕಾಪಾ ಒಳಗೆ ಹೋಗುವುದು. ಹಾಗಾಗಿ ಈ ಬ್ಯಾಟರಿಗಳನ್ನು ನಾನು ನೆಲದಿಂದ ನೋಡಿದ್ದಕ್ಕಿಂತ ನೀರಿನಿಂದ ನೋಡಿದ್ದೇ ಹೆಚ್ಚು. ಅವುಗಳನ್ನು ಕಟ್ಟಿದ್ದೂ ನೀರಿನಿಂದ ಬರುವವನಿಗಾಗಿಯೇ ಅಲ್ವಾ.

ದಕ್ಷಿಣದಿಂದ ಬರುವಾಗ ಪೆಂಟ್‌ಲೆಂಡ್ ಫರ್ತ್‌ನ ಸೆಳೆತ ಸ್ಪ್ರಿಂಗ್ ಟೈಡ್‌ನಲ್ಲಿ, ಅಂದ್ರೆ ಅಮಾವಾಸ್ಯೆ-ಹುಣ್ಣಿಮೆ ಹೊತ್ತಿನ ದೊಡ್ಡ ಭರತ-ಇಳಿತದಲ್ಲಿ, ಎಂಟೊಂಬತ್ತು ನಾಟ್ ದಾಟ್ತದೆ. ಹಡಗಿಗೆ ದಾರಿ ತೋರಿಸುವ ಸ್ಥಳೀಯ ಪೈಲಟ್ ಹತ್ತಿದ ಮೇಲೆ ಹಾಕ್ಸಾ ಸೌಂಡ್‌ಗೆ ತಿರುಗಿದರೆ ಬಲಗಡೆ ಹಾಕ್ಸಾ ಹೆಡ್, ಎಡಗಡೆ ಸ್ಟ್ಯಾಂಗರ್ ಹೆಡ್. ಬ್ರಿಡ್ಜ್ ಮೇಲೆ ನಿಂತರೆ ಎರಡೂ ಕಡೆಯ ಕಪ್ಪು ಕಿಂಡಿಗಳು ನಿಮ್ಮನ್ನೇ ನೋಡ್ತಾ ಇರ್ತವೆ. ಬೆಟ್ಟದ ನೆತ್ತಿಯಲ್ಲಿ ಇರುವುದು ಕೆಲವು, ನೀರಿನ ಮಟ್ಟಕ್ಕೆ ತೀರಾ ಹತ್ತಿರ ಬಂಡೆಯ ಅಂಚಿನಲ್ಲಿ ಕೂತದ್ದು ಕೆಲವು. ನಾನು ಮೊದಲು ಎಲ್ಲವೂ ಫಿರಂಗಿಯ ಗೂಡು ಅಂದುಕೊಂಡಿದ್ದೆ. ಕೆಳಗಿನವು ಸರ್ಚ್‌ಲೈಟಿನದ್ದು ಅಂತ ಹೇಳಿದ್ದು ನಮ್ಮ ಆರ್ಕ್ನಿ ಪೈಲಟ್.

ತೋಪಖಾನೆ_ಪಾಟೀಲ:
ಪೈಲಟ್ ಖರೆ ಹೇಳ್ಯಾನ. ನಾ ಸೈನ್ಯದಾಗ ತೋಪಖಾನೆದಾಂವ. ಸಮುದ್ರದ ದಂಡಿ ತೋಪು ಹಾರಿಸಿಲ್ಲ, ಆದ್ರ ಕಟ್ಟಿ ನೋಡಿದ್ರ ತೋಪಿನ ಜಾತಿ ಹೇಳಬಲ್ಲೆ. ಹೋದವ್ರು ಹಿಂಗ ನೋಡ್ರಿ.

ಮೊದಲ ನೆಲ ನೋಡ್ರಿ, ಗ್ವಾಡಿ ಅಲ್ಲ. ಕಾಂಕ್ರೀಟಿನಾಗ ಗುಂಡಗೆ ಬೋಲ್ಟಿನ ಸಾಲು ಇರತೈತಿ, ತೋಪಿನ ಪೀಠ ಅಲ್ಲಿ ಕುಂತಿದ್ದು. ಅದರ ಸುತ್ತ ಗ್ವಾಡ್ಯಾಗ ಸಣ್ಣ ಸಣ್ಣ ಕಪಾಟಿನಂಥ ಗೂಡು, ಕೈಗೆ ಸಿಗೂ ಹಂಗ ಗುಂಡು ಇಡಾಕ. ದೊಡ್ಡ ಮದ್ದಿನ ಮನಿ ಹಿಂದ ಇಲ್ಲಾ ನೆಲದ ಕೆಳಗ. 6 ಇಂಚಿನ ತೋಪಿನ ಒಂದು ಗುಂಡು 100 ಪೌಂಡ್, ಅಂದ್ರ 45 ಕಿಲೋ. ಕೈಲೇ ಎತ್ತಿ ತುಂಬಬೇಕು, ಅದಕ ಗೂಡು ಹತ್ರನ ಬೇಕು.

ಎರಡನೇದು, ಎರಡು ಜಾತಿ ತೋಪು ಅದಾವು ಅಲ್ಲಿ. 6 ಇಂಚಿನದು ದೂರಕ್ಕ, ಕ್ರೂಸರ್ ಅಂಥಾ ಹಡಗಿಗೆ. ಇನ್ನೊಂದು ಜೋಡಿ ನಳಿಕಿ 6 ಪೌಂಡರ್, ಅಂದ್ರ ಆರು ಪೌಂಡಿನ ಸಣ್ಣ ಗುಂಡಿಂದು. ನಳಿಕಿ ಬರೇ 57 ಮಿಲಿಮೀಟರ್, ಆದ್ರ ಪಳಗಿದ ಕೈ ಇದ್ರ ನಿಮಿಷಕ್ಕ 70ರ ಆಸುಪಾಸು ಗುಂಡು ಒಗೀತೈತಿ. ಅದು ಟಾರ್ಪಿಡೊ ಬೋಟಿಗೆ. ಬೋಟು 30 ನಾಟ್‌ನ್ಯಾಗ ನುಗ್ಗಿ ಬರತೈತಿ, ಗುರಿ ಹಿಡಿಯಾಕ ಟೈಮ್ ಇಲ್ಲ, ಮಳಿ ಸುರಿದಂಗ ಸುರೀಬೇಕು. ಹಾಕ್ಸಾದಾಗ ಬಾಲ್ಫೋರ್ ಬ್ಯಾಟರಿ, ಫ್ಲಾಟಾದಾಗ ಬುಕಾನನ್ ಬ್ಯಾಟರಿ ಅಂತಾರಲ್ಲ, ಅವು ಈ ಜಾತಿ. ಅದರ ಗುರ್ತು ಅಂದ್ರ ತೋಪಿನ ಹಿಂದ ನಿಂತ ಎತ್ತರದ ಇಕ್ಕಟ್ಟು ಗೋಪುರ. ಅಲ್ಲಿ ನಿಂತಾಂವ ನೋಡಿ ಹೇಳಬೇಕು, ಕೆಳಗಿನಾಂವ ಹಾರಿಸಬೇಕು.

ಮೂರನೇದು, ಮ್ಯಾಲಿನ ಚಪ್ಪರ. ಮೊದಲನೇ ಯುದ್ಧದ ಕಟ್ಟಿ ಮ್ಯಾಲೆ ಆಕಾಶ ಬಿಟ್ಟಿರತೈತಿ. ಎರಡನೇದಕ್ಕ ಕಾಂಕ್ರೀಟ್ ಚಪ್ಪರ ಬಂತು, ವಿಮಾನದ ಅಂಜಿಕಿ. ಚಪ್ಪರ ಹಾಕಿದ್ರ ತೋಪು ತಿರುಗೂ ಕೋನ ಕಡಿಮಿ ಆಕೈತಿ. ಅಂದ್ರ ಅವ್ರು ಕಡಲಿಗಿಂತ ಆಕಾಶಕ್ಕ ಜಾಸ್ತಿ ಅಂಜಿದ್ರು.

ಹೊನ್ನಾವರದ_ಗಾಳಿ:
ಪಾಟೀಲರೆ, ಈ ಚಪ್ಪರದ ಮಾತು ಹಾಕ್ಸಾ ಹೆಡ್‌ಗೆ ಅಚ್ಚುಕಟ್ಟಾಗಿ ಹೊಂದುತ್ತದೆ. ಅಲ್ಲಿ 1914–18ರ ಕಟ್ಟಡಗಳೂ ಎರಡನೇ ಯುದ್ಧದವೂ ಒಂದೇ ತಲೆಯ ಮೇಲೆ ಬೆರೆತಿವೆ.

ಸರ್ಚ್‌ಲೈಟಿನ ಗೂಡುಗಳ ಬಗ್ಗೆ ಒಂದು ಮಾತು. ಕಡಲ ಕಡೆಗೆ ಬಾಗಿದ ಅಗಲ ಕಿಂಡಿ, ಅದಕ್ಕೆ ಉಕ್ಕಿನ ಷಟರ್‌ಗಳು ಇದ್ದವು. ಕೆಲವು ದೀಪಗಳು ತಿರುಗುತ್ತಿರಲಿಲ್ಲ, ಒಂದೇ ಕಡೆ ಬೆಳಕಿನ ಗೋಡೆ ಹಿಡಿದು ನಿಲ್ಲುತ್ತಿದ್ದವು. ಆ ಬೆಳಕನ್ನು ದಾಟದೆ ಯಾವ ಹಡಗೂ ಬಲೆಯ ಹತ್ತಿರ ಬರುವಂತಿಲ್ಲ. ಆರ್ಕ್ನಿಯ ಡಿಸೆಂಬರಿನಲ್ಲಿ ಹಗಲು ಆರೇಳು ಗಂಟೆ ಇದ್ದರೆ ಹೆಚ್ಚು. ವರ್ಷದ ಅರ್ಧ ಕಾಲ ಫಿರಂಗಿಯ ಕಣ್ಣು ಈ ದೀಪವೇ. ಹಿಂದೆ ಸ್ವಲ್ಪ ದೂರದಲ್ಲಿ ದಪ್ಪ ಗೋಡೆಯ ಕೋಣೆ ಸಿಗುತ್ತದೆ, ನೆಲದಲ್ಲಿ ಯಂತ್ರ ಕೂರಿಸಿದ ಉದ್ದ ದಿಮ್ಮಿ. ಅದು ದೀಪಕ್ಕೆ ವಿದ್ಯುತ್ ಕೊಟ್ಟ ಎಂಜಿನ್ ಮನೆ. ಈಗ ಅಲ್ಲಿ ಕುರಿಗಳು ಮಳೆಗೆ ನಿಲ್ಲುತ್ತವೆ, ಒಳಗೆ ಹೋಗುವವರು ಬೂಟು ನೋಡಿಕೊಳ್ಳಿ.

ಹೊಸಬ_ಹಾಸನ:
ಬಲೆ ಅಂದ್ರಲ್ಲ, ಮೀನಿನ ಬಲೆನಾ?

ಡೆಕ್ಕಿನ_ಮನುಷ್ಯ:
ಉಕ್ಕಿನ ಹಗ್ಗದ್ದು ಮಾರಾಯ್ರೆ. ತೇಲುವ ಬೋಯಾಗಳಿಂದ ಇಳಿಬಿಟ್ಟದ್ದು, ಬೂಮ್ ಅಂತ ಹೇಳುವುದು. ನಡುವೆ ಗೇಟ್ ಇರ್ತದೆ, ಅದನ್ನು ಎಳೆಯಲಿಕ್ಕೆ ಒಂದು ಹಡಗು. ನಮ್ಮವರು ಬರುವಾಗ ತೆರೆಯುವುದು, ಹೋದ ಮೇಲೆ ಮುಚ್ಚುವುದು. ಬಲೆ ಈಗ ಇಲ್ಲ. ಆದರೆ ಲೈನೆಸ್‌ನಲ್ಲಿ ಬಲೆ ಹರಡಿ ಹೆಣೆಯುತ್ತಿದ್ದ ಅಗಲದ ಕಾಂಕ್ರೀಟ್ ಅಂಗಳ ಉಂಟು. ನೋಡಿದರೆ ಬಸ್ ಸ್ಟ್ಯಾಂಡ್ ಅಂದುಕೊಳ್ತೀರಿ.

ಇತಿಹಾಸ_ಮೇಷ್ಟ್ರು:
ಈ ಯಂತ್ರ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ, ಭಯದಿಂದ ಭಯಕ್ಕೆ ಬೆಳೆದದ್ದು.

ಹಳೆಯದು ನೆಪೋಲಿಯನ್ ಕಾಲದ್ದು. ಲಾಂಗ್‌ಹೋಪ್ ಕೊಲ್ಲಿಯಲ್ಲಿ ವ್ಯಾಪಾರಿ ಹಡಗುಗಳು ಬೆಂಗಾವಲಿಗಾಗಿ ಕಾಯುತ್ತಿದ್ದವು, ಅವನ್ನು ಅಮೆರಿಕದ ಹಡಗುಗಳಿಂದ ಕಾಪಾಡಲು 1813ರಿಂದ 1815ರ ನಡುವೆ ಹ್ಯಾಕ್ನೆಸ್ ಮತ್ತು ಕ್ರಾಕ್ನೆಸ್ ಎಂಬಲ್ಲಿ ದುಂಡನೆಯ ಎರಡು ಮಾರ್ಟೆಲ್ಲೊ ಗೋಪುರ ಕಟ್ಟಿದರು. ಕಟ್ಟಿ ಮುಗಿಯುವ ಹೊತ್ತಿಗೆ ಯುದ್ಧ ಮುಗಿದಿತ್ತು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1914ರಲ್ಲಿ ಬ್ರಿಟನ್ನಿನ ಗ್ರ್ಯಾಂಡ್ ಫ್ಲೀಟ್ ಇಲ್ಲಿಗೆ ಬಂದಾಗ ಸ್ಕಾಪಾ ಹೆಚ್ಚುಕಡಿಮೆ ಬಾಗಿಲಿಲ್ಲದ ಮನೆ. ಆ ಸೆಪ್ಟೆಂಬರ್ 1ರಂದು ಯಾರೋ ಪೆರಿಸ್ಕೋಪ್ ಕಂಡೆ ಅಂದದ್ದಕ್ಕೇ ಇಡೀ ಪಡೆ ಹೊರ ಕಡಲಿಗೆ ಓಡಿತು. ಮುಂದೆ ಅಡ್ಮಿರಲ್ ಜೆಲ್ಲಿಕೋ ತನ್ನ ಹಡಗುಗಳನ್ನು ಕೆಲಕಾಲ ಐರ್ಲೆಂಡಿನ ಕಡೆಗೇ ಒಯ್ದು ಇಟ್ಟ. ನವೆಂಬರ್ 23ರಂದು ಜರ್ಮನಿಯ ಯು-18 ಸಬ್‌ಮರೀನ್ ನಿಜವಾಗಿಯೇ ಹಾಕ್ಸಾ ಸೌಂಡ್‌ಗೆ ಬಂತು. ಅದನ್ನು ಕಂಡುಹಿಡಿದು ಡಿಕ್ಕಿ ಹೊಡೆದದ್ದು ಯುದ್ಧನೌಕೆಯಲ್ಲ, ಮೀನುಗಾರಿಕೆಯ ಟ್ರಾಲರ್.

ಅಲ್ಲಿಂದ ನಾಲ್ಕು ವರ್ಷಕ್ಕೆ ಚಿತ್ರ ಬೇರೆ. 1918ರ ಅಕ್ಟೋಬರ್ 28ರಂದು ಯುಬಿ-116 ಎಂಬ ಜರ್ಮನ್ ಸಬ್‌ಮರೀನ್ ಅದೇ ಹಾಕ್ಸಾ ದಾರಿ ಹಿಡಿದು ಬಂತು. ದಡದ ಮೇಲಿದ್ದವರು ನೀರಿನೊಳಗಿನ ಹೈಡ್ರೋಫೋನ್‌ನಲ್ಲಿ ಅದರ ಸದ್ದು ಕೇಳಿದರು. ತಳದಲ್ಲಿ ಹಾಸಿದ ಕೇಬಲ್ಲಿನ ಸುರುಳಿಯ ಮೇಲೆ ಉಕ್ಕಿನ ಒಡಲು ಹಾದರೆ ಕಾಂತಕ್ಷೇತ್ರ ಕದಲಿ ಚೂರು ವಿದ್ಯುತ್ ಹುಟ್ಟುತ್ತದೆ, ಗುಡಿಸಲೊಳಗೆ ಗ್ಯಾಲ್ವನೋಮೀಟರಿನ ಮುಳ್ಳು ಆಡುತ್ತದೆ. ಅಂಥ ಏರ್ಪಾಡಿನಲ್ಲಿ ಬಂದವನು ಎಲ್ಲಿದ್ದಾನೆ ಅಂತ ನೋಡಿ, ದಡದಿಂದಲೇ ಗುಂಡಿ ಒತ್ತಿ ನೀರಿನಡಿಯ ಮೈನ್ ಸಿಡಿಸಬಹುದು. ಯುಬಿ-116ರಲ್ಲಿ ಒಬ್ಬರೂ ಉಳಿಯಲಿಲ್ಲ. ಯುದ್ಧ ಮುಗಿಯಲು ಎರಡು ವಾರ ಬಾಕಿ ಇತ್ತು, ಅವರು ಹುಡುಕಿ ಬಂದ ಹಡಗುಪಡೆ ಅಂದು ಸ್ಕಾಪಾದಲ್ಲಿ ಇರಲೂ ಇಲ್ಲ.

ಹೊಸಬ_ಹಾಸನ:
ಇಷ್ಟೆಲ್ಲ ಇದ್ದೂ 1939ರಲ್ಲಿ ಬ್ರಿಟನ್ನಿನ ಯುದ್ಧನೌಕೆ ರಾಯಲ್ ಓಕ್ ಇಲ್ಲೇ ಹೇಗೆ ಮುಳುಗಿತು ಮೇಷ್ಟ್ರೇ? ಸಬ್‌ಮರೀನ್ ಒಳಗೇ ಬಂದಿತ್ತಂತಲ್ಲ.

ಇತಿಹಾಸ_ಮೇಷ್ಟ್ರು:
ಹಿತ್ತಿಲಿನಿಂದ ಬಂತು. 1939ರ ಅಕ್ಟೋಬರ್ 13ರ ರಾತ್ರಿ ಗುಂಥರ್ ಪ್ರೀನ್ ನಡೆಸುತ್ತಿದ್ದ ಯು-47, ನೀರಿನ ಮೇಲೆಯೇ ತೇಲುತ್ತ ಕಿರ್ಕ್ ಸೌಂಡ್ ಹೊಕ್ಕಿತು. ಅಲ್ಲಿ ಬಲೆ ಇಲ್ಲ, ಕೇಬಲ್ ಸುರುಳಿ ಇಲ್ಲ, ಫಿರಂಗಿ ಇಲ್ಲ. ಇದ್ದದ್ದು ಮುಳುಗಿಸಿಟ್ಟ ಹಳೇ ಹಡಗುಗಳು, ಅವುಗಳ ನಡುವೆ ಸೆಳೆತಕ್ಕೆ ಬಿಟ್ಟ ಸಂದು. ಭರತದ ನೀರು ಏರಿದ್ದ ಹೊತ್ತು ನೋಡಿ ನುಸುಳಿದ. ಒಂದು ಹಡಗಿನ ಸರಪಳಿಗೆ ತಗಲಿದರೂ ಬಿಡಿಸಿಕೊಂಡ. ಒಳಗೆ ದೊಡ್ಡ ಪಡೆ ಸಿಗಲಿಲ್ಲ, ಅದು ಕೆಲವೇ ದಿನ ಮೊದಲು ಹೊರಟುಹೋಗಿತ್ತು. ಸಿಕ್ಕಿದ್ದು ರಾಯಲ್ ಓಕ್. ನಡುರಾತ್ರಿ ಒಂದು ಗಂಟೆ ಸುಮಾರಿಗೆ ಮೊದಲ ಟಾರ್ಪಿಡೊ ಮೂತಿಗೆ ಬಡಿದಾಗ ಹಡಗಿನವರು ಒಳಗೇ ಏನೋ ಸಿಡಿಯಿತು ಅಂದುಕೊಂಡರು. ಸ್ಕಾಪಾ ಒಳಗೆ ಶತ್ರು ಇರಬಹುದು ಅನ್ನುವುದು ತಲೆಗೇ ಹೊಳೆಯಲಿಲ್ಲ. ಪ್ರೀನ್ ಮತ್ತೆ ತುಂಬಿಕೊಂಡು ಬಂದು ಹೊಡೆದ. ಆಮೇಲೆ ಹದಿಮೂರು ನಿಮಿಷದಲ್ಲಿ ಹಡಗು ಮಗುಚಿ ಮುಳುಗಿತು. 800ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ 18 ತುಂಬದ ಹುಡುಗರು.

ಕಿರ್ಕ್ ಸೌಂಡ್ ಭದ್ರವಿಲ್ಲ ಅಂತ ಗೊತ್ತಿತ್ತು. ಮುಳುಗಿಸಲು ಮತ್ತೊಂದು ಹಡಗನ್ನೂ ಗೊತ್ತುಮಾಡಿದ್ದರು. ಅದು ಬಂದು ತಲುಪಿದ್ದು ರಾಯಲ್ ಓಕ್ ಮುಳುಗಿದ ಮೇಲೆ.

ರೂಪಾ_ಎನ್:
ಹಾಗಾದ್ರೆ ನೇರವಾಗಿ ಕೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ಹಾಕ್ಸಾದ ಈ ಭಾರೀ ಕಾಂಕ್ರೀಟ್ ಎಲ್ಲ ಏನು ಸಾಧಿಸಿತು? ಶತ್ರು ಬಂದದ್ದು ಫಿರಂಗಿ ಇಲ್ಲದ ಕಡೆಯಿಂದ. ಆಮೇಲೆ ಬಂದದ್ದು ಆಕಾಶದಿಂದ. ಈ 6 ಇಂಚಿನ ಫಿರಂಗಿಗಳು ಶತ್ರು ಹಡಗಿನ ಮೇಲೆ ಗುಂಡು ಹಾರಿಸಿದ ದಿನ ಯಾವುದು?

ತೋಪಖಾನೆ_ಪಾಟೀಲ:
ಮೇಡಂ, ಅಲ್ಲಿ ತೋಪು ಐತಿ ಅಂತ ಗೊತ್ತಿದ್ದದಕ್ಕನ ಪ್ರೀನ್ ಆ ಕಡೆ ಬರಲಿಲ್ಲ. ತೋಪಿನ ಕೆಲಸ ಯಾವಾಗಲೂ ಹಾರಿಸೋದಲ್ಲ.

ರೂಪಾ_ಎನ್:
ಈ ವಾದ ಸೋಲೋದೇ ಇಲ್ಲ ನೋಡಿ ಪಾಟೀಲರೆ. ಶತ್ರು ಬರದಿದ್ದರೆ "ನಮ್ಮ ಫಿರಂಗಿಗೆ ಹೆದರಿದ", ಬೇರೆ ಕಡೆಯಿಂದ ಬಂದರೂ "ನಮ್ಮ ಫಿರಂಗಿಗೆ ಹೆದರಿದ". ಯುಬಿ-116 ಹಾಕ್ಸಾದಿಂದಲೇ ಬಂತಲ್ಲ, ಹೆದರಲಿಲ್ಲವಲ್ಲ! ಅದನ್ನು ಕೊಂದದ್ದು ಕೇಬಲ್ಲು, ಕಿವಿ, ಮೈನು. ಫೋಟೋ ತೆಗೆಯಲು ಚೆಂದ ಕಾಣುವ ಕಾಂಕ್ರೀಟಿಗೆ ನಾವು ಜಾಸ್ತಿ ಮಾರ್ಕ್ಸ್ ಕೊಡ್ತಿದ್ದೀವಿ.

ಹೊನ್ನಾವರದ_ಗಾಳಿ:
ರೂಪಾ ಅವರ ಅರ್ಧ ಮಾತು ಒಪ್ಪುತ್ತೇನೆ. ಫಿರಂಗಿ ಒಂದೇ ಇದ್ದರೆ ಸಬ್‌ಮರೀನಿಗೆ ಏನೂ ಮಾಡಲಾಗದು. ಆದರೆ ಬಲೆ ಒಂದೇ ಇದ್ದರೂ ಆಗದು. ರಾತ್ರಿ ಒಂದು ಸಣ್ಣ ಬೋಟಿನವರು ಬಂದು ಬಲೆ ಕತ್ತರಿಸಿದರೆ? ಅವರ ಮೇಲೆ ಬೆಳಕು ಬೀಳಬೇಕು, ಬೆಳಕು ಬಿದ್ದ ಕ್ಷಣ 6 ಪೌಂಡರ್ ಕೆಮ್ಮಬೇಕು. ಆ ಬೋಟಿನ ಬೆನ್ನಿಗೆ ದೊಡ್ಡ ಹಡಗು ಬಂದು ದೀಪವನ್ನೇ ಒಡೆದರೆ? ಅದನ್ನು ದೂರ ಇಡಲು 6 ಇಂಚಿನದು. ಒಂದನ್ನೊಂದು ಕಾಯುವ ಸರಪಳಿ ಇದು. ಕಿರ್ಕ್ ಸೌಂಡ್‌ನಲ್ಲಿ ಸರಪಳಿಯ ಒಂದೇ ಕೊಂಡಿ ಇತ್ತು, ಅದೂ ತುಕ್ಕು ಹಿಡಿದದ್ದು. ಹಾಗಾಗಿ 1939ರ ಪಾಠ ಫಿರಂಗಿ ವ್ಯರ್ಥ ಎನ್ನುವುದಲ್ಲ, ಕೊಂಡಿಗಳನ್ನು ಒಂದೇ ಬಾಗಿಲಿಗೆ ಪೋಣಿಸಿದರು ಎನ್ನುವುದು.

ಡೆಕ್ಕಿನ_ಮನುಷ್ಯ:
ಇದಕ್ಕೆ ನಮ್ಮ ಹಿಂದೂ ಮಹಾಸಾಗರದಲ್ಲೇ ಜೋಡಿ ಕಥೆ ಉಂಟು. ಮಾಲ್ಡೀವ್ಸ್‌ನ ಅಡ್ಡು ಹವಳದ್ವೀಪದಲ್ಲಿ ಬ್ರಿಟಿಷರು ಗುಟ್ಟಾಗಿ ಲಂಗರುದಾಣ ಮಾಡಿದ್ದರು, ಕಾಗದದಲ್ಲಿ ಅದರ ಹೆಸರು ಪೋರ್ಟ್ ಟಿ. ಅಲ್ಲೂ ದಡದ ಮೇಲೆ ಫಿರಂಗಿ, ಸಂದುಗಳಿಗೆ ಬಲೆ. 1944ರ ಮಾರ್ಚ್‌ನಲ್ಲಿ ಜರ್ಮನಿಯ ಯು-183 ಒಳಗೆ ಬರಲೇ ಇಲ್ಲ. ಹೊರಗೆ ನಿಂತು ಬಲೆಯ ಸಂದಿನಿಂದ ಟಾರ್ಪಿಡೊ ಬಿಟ್ಟಿತು, ಒಳಗೆ ನಿಂತಿದ್ದ ಬ್ರಿಟಿಷ್ ಲಾಯಲ್ಟಿ ಎಂಬ ಟ್ಯಾಂಕರ್‌ಗೆ ತಾಗಿತು. 1946ರಲ್ಲಿ ಅದನ್ನು ಅಲ್ಲೇ ಮುಳುಗಿಸಿದರು. ಈಗ ಡೈವಿಂಗ್ ಮಾಡುವವರು ನೋಡಲಿಕ್ಕೆ ಹೋಗ್ತಾರೆ.

ಇತಿಹಾಸ_ಮೇಷ್ಟ್ರು:
ಆಕಾಶದ ಮಾತು ಬಂತಲ್ಲ. ರಾಯಲ್ ಓಕ್ ಮುಳುಗಿ ಮೂರೇ ದಿನಕ್ಕೆ, ಅಕ್ಟೋಬರ್ 17ರಂದು ಜರ್ಮನ್ ಬಾಂಬರ್‌ಗಳು ಬಂದು ಐರನ್ ಡ್ಯೂಕ್ ಹಡಗನ್ನು ಕೆಡಿಸಿದವು. ಅಂದು ಹೊಯ್ ದ್ವೀಪದ ಮೇಲೆ ಒಂದು ವಿಮಾನವೂ ಉರುಳಿತು. ಹಡಗುಪಡೆ ಬೇರೆ ಕಡೆ ಚದುರಿಕೊಂಡು, ಮಾರ್ಚ್ 1940ಕ್ಕೆ ಮರಳಿತು. ಅದೇ ತಿಂಗಳು 16ರಂದು ಮತ್ತೆ ದಾಳಿ. ಸ್ಟೆನ್ನೆಸ್ ಹತ್ತಿರದ ಬ್ರಿಡ್ಜ್ ಆಫ್ ವೇತ್‌ನಲ್ಲಿ ಜೇಮ್ಸ್ ಇಸ್ಬಿಸ್ಟರ್ ಎಂಬಾತ ಬಾಂಬಿಗೆ ಸತ್ತ. ಆ ಯುದ್ಧದಲ್ಲಿ ಬ್ರಿಟನ್ನಿನ ನೆಲದ ಮೇಲೆ ವಾಯುದಾಳಿಗೆ ಬಲಿಯಾದ ಮೊದಲ ನಾಗರಿಕ ಅವನು. ಆಮೇಲೆ ದ್ವೀಪಗಳ ಹೊಲಹೊಲದಲ್ಲೂ ವಿಮಾನ ಹೊಡೆಯುವ ಫಿರಂಗಿಯ ಕಟ್ಟೆ ಎದ್ದಿತು. ಇವತ್ತು ದನದ ಕೊಟ್ಟಿಗೆಯ ಪಕ್ಕ ಕಾಣುವ ಎಷ್ಟೋ ಕಾಂಕ್ರೀಟು ಅವೇ.

ಸಿಮೆಂಟು_ಮಂಜ:
ತಡವಾಗಿ ಬಂದೆ, ಆದರೆ ಬ್ಯಾರಿಯರ್ ನನ್ನ ಪಾಲಿನದ್ದು. ರಾಯಲ್ ಓಕ್ ಮುಳುಗಿದ ಮೇಲೆ, ಆಗ ನೌಕಾಖಾತೆ ನೋಡಿಕೊಳ್ಳುತ್ತಿದ್ದ ಚರ್ಚಿಲ್ ಪೂರ್ವದ ನಾಲ್ಕೂ ಸಂದು ಶಾಶ್ವತವಾಗಿ ಮುಚ್ಚಿ ಅಂದರು. ಕೆಲಸ 1940ರ ಮೇ ತಿಂಗಳಲ್ಲಿ ಶುರು, 1944ರ ಸೆಪ್ಟೆಂಬರಿಗೆ ಮುಗಿಯಿತು. ಗುತ್ತಿಗೆ ಬಾಲ್ಫೋರ್ ಬೀಟಿ ಕಂಪನಿಗೆ. ಆಳ ಕೆಲವು ಕಡೆ 18 ಮೀಟರ್, ಅದರ ಮೇಲೆ ಹರಿಯುವ ಸೆಳೆತ. ಕಲ್ಲು ಬಿಡಿಬಿಡಿ ಹಾಕಿದರೆ ಕೊಚ್ಚಿಕೊಂಡು ಹೋಗುತ್ತೆ. ಅದಕ್ಕೆ ತಂತಿಬಲೆಯ ಚೀಲದಲ್ಲಿ ಕಲ್ಲು ತುಂಬಿ, ಸಂದಿನ ಆಚೀಚೆ ಗೋಪುರ ನಿಲ್ಲಿಸಿ ಎಳೆದ ಕೇಬಲ್ಲಿನಿಂದ ಇಳಿಸಿದರು. ಹಾಗೆ ಬಿದ್ದದ್ದು ಸುಮಾರು ಎರಡೂವರೆ ಲಕ್ಷ ಟನ್. ಅದರ ಮೇಲೆ ಐದು ಟನ್ನು ಮತ್ತು ಹತ್ತು ಟನ್ನಿನ ಕಾಂಕ್ರೀಟ್ ದಿಮ್ಮಿ, ಒಟ್ಟು 66,000ದಷ್ಟು. ಹತ್ತು ಟನ್ನಿನವನ್ನು ಬದಿಗಳಲ್ಲಿ ಅಡ್ಡಾದಿಡ್ಡಿ ಬಿಟ್ಟಿದ್ದಾರೆ, ಅದು ಸೋಮಾರಿತನ ಅಲ್ಲ. ನುಣುಪು ಗೋಡೆಗೆ ಅಲೆ ಒಂದೇ ಪೆಟ್ಟಿಗೆ ಬಡಿಯುತ್ತೆ, ಅಡ್ಡಾದಿಡ್ಡಿ ದಿಮ್ಮಿಗಳ ಸಂದಿನಲ್ಲಿ ಒಡೆದು ದಣಿಯುತ್ತೆ.

ಬ್ಯಾಟರಿಗಳಿಗಿಂತ ಬ್ಯಾರಿಯರ್ ಗಟ್ಟಿಯಾಗಿ ಉಳಿದಿರೋದಕ್ಕೂ ಕಾರಣ ಇದೆ. ದೊಡ್ಡ ದಿಮ್ಮಿಗೆ ಕಬ್ಬಿಣದ ಕಂಬಿ ಬೇಕಿಲ್ಲ, ತೂಕವೇ ಅದರ ಶಕ್ತಿ. ಚಪ್ಪರದ ಸ್ಲ್ಯಾಬಿಗೆ ಕಂಬಿ ಬೇಕೇ ಬೇಕು. ಉಪ್ಪುಗಾಳಿ ಒಳಗೆ ಇಳಿದರೆ ಕಂಬಿ ತುಕ್ಕು ಹಿಡಿದು ಉಬ್ಬುತ್ತೆ, ಕಾಂಕ್ರೀಟು ಹೊಪ್ಪಳೆ ಹೊಪ್ಪಳೆಯಾಗಿ ಬೀಳುತ್ತೆ. ನಮ್ಮ ಕಾರವಾರ, ಮಲ್ಪೆ ಕಡೆ ಕಡಲಂಚಿನ ಹಳೇ ತಾರಸಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಕ್ಸಾದಲ್ಲಿ ಚಪ್ಪರದ ಕೆಳಗೆ ನಿಲ್ಲುವ ಮುಂಚೆ ಒಮ್ಮೆ ಮೇಲೆ ನೋಡಿ.

ರೂಪಾ_ಎನ್:
66,000 ದಿಮ್ಮಿ ಎತ್ತಿದವರು ಯಾರು ಅನ್ನೋದನ್ನೂ ಹೇಳಿ ಮಂಜಣ್ಣ. ಉತ್ತರ ಆಫ್ರಿಕಾದಲ್ಲಿ ಸೆರೆ ಸಿಕ್ಕ ಇಟಲಿಯ ಯುದ್ಧಕೈದಿಗಳು, ಸಾವಿರದ ಮುನ್ನೂರರಷ್ಟು ಜನ. ಮರುಭೂಮಿಯಿಂದ ಆರ್ಕ್ನಿಯ ಚಳಿಗಾಳಿಗೆ. 1929ರ ಜಿನೀವಾ ಒಪ್ಪಂದದ 31ನೇ ವಿಧಿ ಪ್ರಕಾರ ಕೈದಿಗಳಿಂದ ಯುದ್ಧಕ್ಕೆ ನೇರ ಸಂಬಂಧಪಟ್ಟ ಕೆಲಸ ಮಾಡಿಸುವಂತಿಲ್ಲ. ಕೈದಿಗಳು ಅದನ್ನೇ ಹೇಳಿ ಮುಷ್ಕರ ಹೂಡಿದರು. ಅಧಿಕಾರಿಗಳ ಉತ್ತರ: ಇದು ರಕ್ಷಣಾ ಗೋಡೆ ಅಲ್ಲ, ದ್ವೀಪಗಳನ್ನು ಜೋಡಿಸೋ ರಸ್ತೆ! ಕಾಗದದ ಮೇಲಿನ ಆ ಜಾಣತನ ಕೊನೆಗೆ ನಿಜವಾಗಿಬಿಡ್ತು. 1945ರ ಮೇ 12ರಂದು ಅದನ್ನು ವಿಧಿವತ್ತಾಗಿ ತೆರೆದಾಗ ಯುರೋಪಿನಲ್ಲಿ ಯುದ್ಧ ಮುಗಿದು ನಾಲ್ಕು ದಿನ. ಮೇಷ್ಟ್ರು ಹೇಳಿದ ಮಾರ್ಟೆಲ್ಲೊ ಗೋಪುರದ ಕಥೆಯೇ.

ಚಾಪೆಲ್ ನೋಡೋರನ್ನು ಹೊನ್ನಾವರದವರು ಸ್ವಲ್ಪ ಹಗುರ ಮಾಡಿದರು ಅನ್ನಿಸ್ತು. ಲ್ಯಾಂಬ್ ಹೋಮ್ ದ್ವೀಪದ 60ನೇ ಕೈದಿ ಶಿಬಿರದಲ್ಲಿ ಈಗ ನಿಂತಿರೋದು ಅದೊಂದೇ ಕಟ್ಟಡ. ಎರಡು ನಿಸ್ಸೆನ್ ಶೆಡ್ಡು (ಕಮಾನಿನಾಕಾರದ ತಗಡಿನ ಶೆಡ್ಡು) ಒಂದರ ತುದಿಗೆ ಒಂದು ಜೋಡಿಸಿ, ಡೊಮೆನಿಕೊ ಕಿಯೊಕೆಟ್ಟಿ ಎಂಬ ಕೈದಿ ಒಳಗೆಲ್ಲ ಚಿತ್ರ ಬರೆದ. ದೀಪಗಳನ್ನು ಮಾಂಸದ ಡಬ್ಬಿಯ ತಗಡಿನಲ್ಲಿ ಮಾಡಿದರು. ಪಲುಂಬಿ ಎಂಬ ಕಮ್ಮಾರ ಕಬ್ಬಿಣದ ಜಾಲಂಧ್ರ ಬಡಿದ. ಕಿಯೊಕೆಟ್ಟಿ 1960ರಲ್ಲಿ ಮತ್ತೆ ಬಂದು ತನ್ನ ಚಿತ್ರಗಳನ್ನು ತಾನೇ ದುರಸ್ತಿ ಮಾಡಿಹೋದ. ನನಗೆ ಹಾಕ್ಸಾದ ಕಾಂಕ್ರೀಟಿಗಿಂತ ಇದೇ ದೊಡ್ಡ ಅವಶೇಷ.

ಹೊನ್ನಾವರದ_ಗಾಳಿ:
ಚಾಪೆಲ್ ನೋಡಬೇಡಿ ಅಂದಿಲ್ಲ ರೂಪಾ ಅವರೆ, ಅದೊಂದನ್ನೇ ನೋಡಿ ತಿರುಗಬೇಡಿ ಅಂದೆ.

ಬಣ್ಣದ ಮಾತು ಬಂತು, ಹಾಗಾಗಿ ನೆಸ್ ಬ್ಯಾಟರಿ. ಬೇರೆ ಕಡೆ ಕಾಂಕ್ರೀಟು ಉಳಿದು ಮರದ ಮನೆಗಳು ಹೋದವು. ನೆಸ್‌ನಲ್ಲಿ ಸೈನಿಕರು ಮಲಗಿದ, ಉಂಡ ಮರದ ಗುಡಿಸಲುಗಳೂ ನಿಂತಿವೆ. ಊಟದ ಮನೆಯ ಗೋಡೆಗಳ ತುಂಬ ಎ. ಆರ್. ವುಡ್ಸ್ ಎಂಬಾತ ಬರೆದ ಚಿತ್ರಗಳು: ಹುಲ್ಲು ಹೊದಿಸಿದ ಮನೆ, ಗಾಳಿಗಿರಣಿ, ದಕ್ಷಿಣ ಇಂಗ್ಲೆಂಡಿನ ಹಸಿರು ಹಳ್ಳಿ. ಮರವೇ ಬೆಳೆಯದ ದ್ವೀಪದಲ್ಲಿ ಗಂಜಿ ಕುಡಿಯುತ್ತ ಸೈನಿಕರು ಆ ಮರಗಳನ್ನು ನೋಡುತ್ತಿದ್ದರು. ಫಿರಂಗಿ ಕಟ್ಟೆ, ಕಾವಲು ಗೋಪುರ ಎರಡೂ ಅಲ್ಲೇ ಪಕ್ಕದಲ್ಲಿ. ಮಾರ್ಗದರ್ಶಕರ ಜೊತೆಗೇ ಒಳಗೆ ಬಿಡುತ್ತಾರೆ, ಮೊದಲೇ ಹೇಳಿಟ್ಟುಕೊಳ್ಳಿ.

ಸಿಮೆಂಟು_ಮಂಜ:
ಒಂದು ಜಗಳದ ಪ್ರಶ್ನೆ. ಇವನ್ನೆಲ್ಲ ದುರಸ್ತಿ ಮಾಡಬೇಕಾ, ಬಿದ್ದುಹೋಗಲು ಬಿಡಬೇಕಾ? ನನ್ನ ಮಟ್ಟಿಗೆ ಮರದ ಗುಡಿಸಲು, ಚಿತ್ರ ಉಳಿಸಲೇಬೇಕು. ಹಾಕ್ಸಾದ ಸ್ಲ್ಯಾಬಿಗೆ ಹೊಸ ಪ್ಲಾಸ್ಟರ್ ಹಾಕಿದರೆ ಹತ್ತು ವರ್ಷಕ್ಕೆ ಮತ್ತೆ ಉದುರುತ್ತೆ, ನಡುವೆ ಹಳೇದರ ಗುರುತೂ ಅಳಿಸುತ್ತೆ. ಹಲಗೆ ಅಚ್ಚಿನ ಗೆರೆ ಕಾಂಕ್ರೀಟಿನ ಮೈಮೇಲೆ ಈಗಲೂ ಕಾಣುತ್ತೆ. ಅವಸರದಲ್ಲಿ ಕಟ್ಟಿದವರ ಕೈ ಅಲ್ಲಿದೆ. ಅಳತೆ ಬರೆದು, ನಕ್ಷೆ ಮಾಡಿ, ಬಿಟ್ಟುಬಿಡಿ.

ತೋಪಖಾನೆ_ಪಾಟೀಲ:
ನಾ ಒಪ್ಪಂಗಿಲ್ಲ. ಒಂದ ಒಂದು ಕಟ್ಟಿ ಮ್ಯಾಲರ ತೋಪು ಕುಂಡರಿಸ್ರಿ, ನಕಲಿದಾದ್ರೂ ನಡೀತೈತಿ. ತೋಪಿಲ್ಲದ ಕಟ್ಟಿ ನೋಡಿದ ಹುಡುಗೂರಿಗೆ ಏನೂ ತಿಳಿಯಂಗಿಲ್ಲ. ಸುಲ್ತಾನ್ ಬತ್ತೇರಿಗೆ ಮಂಗಳೂರಾಗ ಮಂದಿ ಹೋಗ್ತಾರ, ಸೆಲ್ಫಿ ತಕ್ಕೋತಾರ, ಕಿಂಡಿ ಯಾಕ ಐತಿ ಕೇಳಿದ್ರ ಗಾಳಿಗೆ ಅಂತಾರ.

ಡೆಕ್ಕಿನ_ಮನುಷ್ಯ:
ಹ್ಹ ಹ್ಹ, ಬೋಳೂರಿನ ಮರ್ಯಾದೆ ತೆಗೀಬೇಡಿ ಪಾಟೀಲ್ರೆ. ಮುಳುಗಿಸಿಟ್ಟ ಹಡಗುಗಳಿಗೆ ಮಾತ್ರ ಈ ಆಯ್ಕೆಯೇ ಇಲ್ಲ. ಮೂರನೇ ಬ್ಯಾರಿಯರ್ ಪಕ್ಕ ರೆಜಿನಾಲ್ಡ್ ಅಂತ ಒಂದುಂಟು, ಮೊದಲನೇ ಯುದ್ಧದಲ್ಲಿ ಮುಳುಗಿಸಿದ್ದು, ಪಕ್ಕೆಲುಬು ಮೇಲೆ ಕಾಣ್ತದೆ. ಪ್ರತಿ ಚಳಿಗಾಲ ಒಂದಷ್ಟು ತಗಡು ಹೋಗ್ತದೆ. ನಾಲ್ಕನೇ ಬ್ಯಾರಿಯರ್‌ನಲ್ಲಿ ಇನ್ನೂ ವಿಚಿತ್ರ: ಸೆಳೆತ ನಿಂತ ಮೇಲೆ ಪೂರ್ವ ಬದಿಗೆ ಮರಳು ತುಂಬಿ ದಿಬ್ಬ ಆಗಿದೆ, ಮಕ್ಕಳು ಆಟ ಆಡ್ತಾರೆ. ರಾಯಲ್ ಓಕ್ ಹತ್ತಿರ ಯಾರೂ ಡೈವ್ ಮಾಡುವಂತಿಲ್ಲ, ಅದು ಸಮಾಧಿ. ವರ್ಷಕ್ಕೊಮ್ಮೆ ನೌಕಾಪಡೆಯವರೇ ಇಳಿದು ಧ್ವಜ ಬದಲಿಸ್ತಾರೆ.

ಹೊಸಬ_ಹಾಸನ:
ಬರುವ ಮೇನಲ್ಲಿ ತಂಗಿ ಮನೆಗೆ ಗ್ಲಾಸ್ಗೋಗೆ ಹೋಗ್ತಿದ್ದೀನಿ. ಎರಡು ದಿನ ಆರ್ಕ್ನಿಗೆ ಇಟ್ಟಿದ್ದೀನಿ. ಯಾವ ಕ್ರಮದಲ್ಲಿ ನೋಡಲಿ?

ಹೊನ್ನಾವರದ_ಗಾಳಿ:
ಕಾರಿದ್ದರೆ ಗಿಲ್ಸ್ ಬೇಯಿಂದ ಸೇಂಟ್ ಮಾರ್ಗರೆಟ್ಸ್ ಹೋಪ್‌ಗೆ ಹಡಗು ಹಿಡಿಯಿರಿ. ಇಳಿದ ಕೂಡಲೇ ಮೊದಲು ಹಾಕ್ಸಾ ಹೆಡ್, ಅಲ್ಲಿಂದ ಹತ್ತಿರ. ಕಾರು ನಿಲ್ಲಿಸಿ ಸುತ್ತು ಹಾದಿಯಲ್ಲಿ ನಡೆಯಬೇಕು, ಬಂಡೆಯ ಅಂಚಿಗೆ ಬೇಲಿ ಎಲ್ಲ ಕಡೆ ಇಲ್ಲ. ಆಮೇಲೆ ಉತ್ತರಕ್ಕೆ ಬನ್ನಿ, ನಾಲ್ಕನೇ ಬ್ಯಾರಿಯರಿನಿಂದ ಒಂದನೇದಕ್ಕೆ. ರೆಜಿನಾಲ್ಡ್, ಚಾಪೆಲ್ ದಾರಿಯಲ್ಲೇ. ಒಂದನೇ ಬ್ಯಾರಿಯರ್ ಇರುವ ಜಾಗವೇ ಕಿರ್ಕ್ ಸೌಂಡ್, ಯು-47 ನುಸುಳಿದ್ದು ಅಲ್ಲೇ. ಮರುದಿನ ಹೌಟನ್‌ನಿಂದ ಲೈನೆಸ್‌ಗೆ ಹಡಗು. ಅಲ್ಲಿನ ಸ್ಕಾಪಾ ಫ್ಲೋ ಮ್ಯೂಸಿಯಂ ಹಳೇ ಪಂಪ್‌ಹೌಸಿನಲ್ಲಿದೆ, ಉಳಿದ ಒಂದೇ ಎಣ್ಣೆ ಟ್ಯಾಂಕ್ ಪಕ್ಕದಲ್ಲಿ. ಹಿಂದಿನ ವೀ ಫೀ ಗುಡ್ಡವನ್ನು ಕೊರೆದು ಒಂದು ಲಕ್ಷ ಟನ್ ಎಣ್ಣೆ ಹಿಡಿಯುವ ಸುರಂಗ ಮಾಡಿದ್ದರು. ನೌಕಾ ಸ್ಮಶಾನಕ್ಕೂ ಹೋಗಿಬನ್ನಿ. ಸಂಜೆಗೆ ಸ್ಟ್ರಾಮ್ನೆಸ್, ನೆಸ್ ಬ್ಯಾಟರಿ.

ಪೂರ್ವದ ಗಾಳಿ ಜೋರಾಗಿ ನೀರು ಏರಿದ್ದರೆ ಅಲೆ ಬ್ಯಾರಿಯರ್ ರಸ್ತೆಯ ಮೇಲೇ ಬೀಳುತ್ತದೆ, ಆಗ ರಸ್ತೆ ಮುಚ್ಚುತ್ತಾರೆ. ವಾಪಸ್ ಹಡಗು ಹೋಪ್‌ನಿಂದಲೇ ಇದ್ದರೆ ಅದನ್ನು ನೋಡಿಕೊಂಡೇ ಸಮಯ ಇಟ್ಟುಕೊಳ್ಳಿ.

ತೋಪಖಾನೆ_ಪಾಟೀಲ:
ತಮ್ಮಾ, ಹಾಕ್ಸಾದಾಗ ಆ ಬೋಲ್ಟಿನ ಸುತ್ತಿನ ಫೋಟೋ ತಗೊಂಡ್ ಬಾ, ಪಕ್ಕಕ್ಕ ಒಂದು ಟೇಪ್ ಹಿಡಿದು. ಯಾವ ಪೀಠ ಅಂತ ನೋಡಿ ಹೇಳ್ತೀನಿ.